ತೆಗೆದುಹಾಕಲಾಗಿದೆ ಎಂದು ನಾನು ಬರೆದ ಪುಟ

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿಯೊಂದಿದೆ. ಹೋದ ತಿಂಗಳು ಬಿಸಿಲಿಗೆ ಹೆದರಿ ಅದರೊಳಗೆ ನುಗ್ಗಿದೆ. ಆಗಷ್ಟೇ ಯಾರೋ ಕೂಲರಿಗೆ ನೀರು ಸುರಿದಿದ್ದರು. ಒಣಹುಲ್ಲಿನ ಮೆತ್ತೆ ನೀರು ಕುಡಿದಾಗ ಬರುವ ಆ ವಾಸನೆ ಮೂಗಿಗೆ ಹೊಡೆಯಿತು, ಕವರ್ ಕೊಳ್ಳುವುದು ಮರೆತೇಹೋಯಿತು. ಬರದ ಒಂದು ವರ್ಷ, ಇದೇ ಕೋಣೆಯಲ್ಲಿ ನಾನು ಎಂಟು ತಿಂಗಳು ಕೂತಿದ್ದೆ. ಆಗಲೂ ಇಲ್ಲೊಂದು ಕೂಲರ್ ಇತ್ತು. ಆ ಎಂಟು ತಿಂಗಳಲ್ಲಿ ಅದಕ್ಕೆ ನೀರು ಬಿದ್ದದ್ದು ಒಂದೇ ದಿನ. ಉಳಿದ ದಿನಗಳಲ್ಲಿ ಅದು ಬಿಸಿಗಾಳಿಯನ್ನೂ ಹುಲ್ಲಿನ ಧೂಳನ್ನೂ ನಮ್ಮ ಮುಖಕ್ಕೆ ಊದುತ್ತಿತ್ತು. ನೀರಿಲ್ಲದ ಕೂಲರನ್ನು ಯಾಕೆ ಹಚ್ಚಬೇಕು ಎಂದು ನಾನು ಮೊದಲ ದಿನವೇ ವಾದ ತೆಗೆದಿದ್ದೆ. "ಸಪ್ಪಳರೆ ಇರ್ಲಿ ಬಿಡವಾ," ಅಂದಿದ್ದರು ಮಾಣಿಕರಾವ್ ಸರ್.

ವಾದ ತೆಗೆಯುವುದು ನನ್ನ ಚಟ. ಬೀದರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಢಾಲು ಬೇರೆ ಯಾರ ಕೈಗೂ ಹೋಗದಂತೆ ನೋಡಿಕೊಂಡವಳು ನಾನು. ಪರವಾಗಿ ಮಾತಾಡು ಅಂದರೆ ಪರ, ವಿರುದ್ಧ ಅಂದರೆ ವಿರುದ್ಧ, ಎರಡಕ್ಕೂ ತಯಾರಿ. ಕಮಠಾಣದ ನಮ್ಮ ಮನೆಯಲ್ಲಿ ಅಪ್ಪ, ಹುಣ್ಣಿಮೆಯ ವಂದನೆಗೆ ಬಂದವರ ಮುಂದೆಲ್ಲ, "ನಮ್ಮ ಪ್ರಜ್ಞಾಗ ಬುದ್ಧನ ಎದುರೇ ಕೂಡ್ಸಿದ್ರೂ, ಅದಕ್ಕ ಪುರಾವೆ ಏನ್ರಿ ಅಂತ ಕೇಳ್ತಾಳ," ಎಂದು ನಗಾಡುತ್ತಿದ್ದರು. ಬುದ್ಧನೂ ಅದನ್ನೇ ಕೇಳು ಅಂದಿದ್ದಾನಲ್ಲ ಎಂದು ನಾನು ಅಲ್ಲಿಗೂ ಬಿಡುತ್ತಿರಲಿಲ್ಲ.

ಮಾಣಿಕರಾವ್ ಸರ್ ನಿವೃತ್ತ ಹೆಡ್‌ಮಾಸ್ತರು. ಭಾಲ್ಕಿಯಲ್ಲಿ ಒಂದು ಸಣ್ಣ ಸಂಘ ನಡೆಸುತ್ತಿದ್ದರು. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ದಸರೆ ಮುಗಿಯುವಷ್ಟರಲ್ಲಿ ಊರೂರುಗಳಿಂದ ಜನ ಪುಣೆ, ಹೈದರಾಬಾದ್ ಕಡೆ ಕಟ್ಟಡದ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಹೋದವರಿಗೆ ಊರಿನ ಸುದ್ದಿ ಮುಟ್ಟಬೇಕು, ಅದು ಸರ್ ಅವರ ಹಟ. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡುವ ದಿನ ಯಾವುದು, ಪಿಂಚಣಿಯ ಕಾಗದ ಯಾವಾಗ ಕೊಡಬೇಕು, ಟ್ಯಾಂಕರ್ ಬರುತ್ತಿದೆಯೋ ಇಲ್ಲವೋ, ಯಾರ ಎಮ್ಮೆ ಈದಿದೆ, ಯಾರು ತೀರಿಕೊಂಡರು. ಪ್ರತಿ ವಾರ ಬಸ್ಸಿನಲ್ಲಿ ಊರೂರು ಸುತ್ತಿ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದರು. ಅದನ್ನು ವೆಬ್‌ಸೈಟಿಗೆ ಏರಿಸುವುದು ನನ್ನ ಕೆಲಸ. ಊರಿಗೊಂದು ಪುಟ, ಅದರ ಅಡಿಯಲ್ಲಿ ಸಂಘದ ವಿಳಾಸ, ನನ್ನ ಹೆಸರು. ಪುಟದ ಲಿಂಕನ್ನು ಸರ್ ಹೊರಟವರ ಫೋನಿಗೆಲ್ಲ ಕಳಿಸಿಬಿಡುತ್ತಿದ್ದರು. ಬುಧವಾರ ಬುಧವಾರ ಅದೇ ಲಿಂಕಿನಲ್ಲಿ ಹೊಸ ಸುದ್ದಿ.

ವೆಬ್‌ಸೈಟ್ ಮಾಡಲು ನಾನೇನು ಕಲಿತವಳಲ್ಲ. ಒಂದು ಎಡಿಟರ್ ಸಿಕ್ಕಿತ್ತು. ಚೌಕಗಳನ್ನು ಎಳೆದು ತಂದು ಜೋಡಿಸುವುದು, ಮೇಲೆ ಅಕ್ಷರ ಹೊಡೆಯುವುದು, ಅಷ್ಟೆ. ಅದರ ಸೆಟ್ಟಿಂಗಿನಲ್ಲಿ ಎರಡು ಖಾನೆಗಳಿದ್ದವು. ಮೊದಲನೆಯದರಲ್ಲಿ, ನಿಮ್ಮ ಪುಟಗಳಲ್ಲಿ ಮುಖಪುಟ ಯಾವುದು ಎಂದು ಆರಿಸಬೇಕು. ಎರಡನೆಯದರಲ್ಲಿ, ಯಾರಾದರೂ ಇಲ್ಲದ ಪುಟವನ್ನು ಹುಡುಕಿಕೊಂಡು ಬಂದರೆ ಅವರಿಗೆ ಯಾವ ಪುಟ ತೋರಿಸಬೇಕು ಎಂದು ಆರಿಸಬೇಕು. ಈ ಎರಡನೆಯದಕ್ಕೆ ದೋಷಪುಟ ಎಂದು ಹೆಸರು.

ಮುಖಪುಟಕ್ಕಾಗಿ ನಾವಿಬ್ಬರೂ ಹನ್ನೊಂದು ದಿನ ಜಗಳಾಡಿದೆವು. ಸರ್‌ಗೆ ಬೀದರ್ ಕೋಟೆಯ ಫೋಟೋ ಬೇಕು, ಸಂಘದ ಉದ್ದೇಶಗಳು ಬೇಕು. ನನಗೆ ಬರೀ ಊರುಗಳ ಹೆಸರಿನ ಪಟ್ಟಿ ಬೇಕು.

"ಮನಿಗಿ ಬಂದವರಿಗೆ ಮೊದಲ ಪಡಸಾಲಿ ತೋರಸ್ತೇವೋ, ಸೀದಾ ಅಡಗಿಮನಿಗಿ ಕರಕೊಂಡು ಹೋಗ್ತೇವೋ?" ಅಂದರು ಸರ್.

"ಹಸದು ಬಂದವರಿಗಿ ಸೀದಾ ಅಡಗಿಮನಿಗೇ ಕರೀಬೇಕ್ರಿ ಸರ್."

ಕೊನೆಗೆ ಕೋಟೆ ಸಣ್ಣದಾಗಿ ಮೇಲೆ, ಊರುಗಳು ಕೆಳಗೆ ಎಂದು ರಾಜಿಯಾಯಿತು. ದೋಷಪುಟದ ಮಾತು ಬಂದಾಗ ಸರ್, "ಇಲ್ಲದ್ದಕ್ಕ ಒಂದು ಪುಟ ಯಾಕವಾ, ಯಾರು ಓದ್ತಾರ ಅದನ್ನ?" ಅಂದರು. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಮ್ಮತದವರು. ಯಾರೂ ಓದದ ಪುಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುವುದು? ಎರಡು ನಿಮಿಷದಲ್ಲಿ ಬರೆದು ಮುಗಿಸಿದೆ: "ಕ್ಷಮಿಸಿ. ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ. ಅದನ್ನು ತೆಗೆದುಹಾಕಲಾಗಿದೆ." ಚೊಕ್ಕ, ಖಚಿತ, ಒಂದು ಪದ ಹೆಚ್ಚಿಲ್ಲ ಎಂದು ಮನಸ್ಸಿನಲ್ಲೇ ಅಂಕವನ್ನೂ ಕೊಟ್ಟುಕೊಂಡೆ.

ಹೋಳಿ ಕಳೆದು ಬಿಸಿಲು ಬಲಿತಿತ್ತು. ಮಾಂಜ್ರಾ ನದಿಯ ಪಾತ್ರದಲ್ಲಿ ಕುರಿಗಳು ಅಡ್ಡಾಡುತ್ತಿದ್ದವು. ಒಂದು ಮಂಗಳವಾರ, ಮಾಡಲು ಬೇರೆ ಕೆಲಸವಿಲ್ಲದೆ, ಪುಟಗಳ ವಿಳಾಸಗಳನ್ನು ಓರಣ ಮಾಡಲು ಕೂತೆ. ಅಲ್ಲಿಯವರೆಗೆ ವಿಳಾಸದಲ್ಲಿ ಬರೀ ಊರಿನ ಹೆಸರಿತ್ತು. ಅದು ನನಗೆ ಸರಿಬರಲಿಲ್ಲ. ಕಮಠಾಣ ಬೀದರಿನ ಕೆಳಗೆ, ಮೆಹಕರ ಭಾಲ್ಕಿಯ ಕೆಳಗೆ, ಡಾಬಕಾ ಔರಾದದ ಕೆಳಗೆ ಎಂದು ಎಲ್ಲದರ ಹಿಂದೆ ತಾಲೂಕಿನ ಹೆಸರು ಸೇರಿಸಿದೆ. ಮುಖಪುಟದಿಂದ ಒಂದೊಂದು ಊರನ್ನೂ ಒತ್ತಿ ನೋಡಿದೆ. ಎಲ್ಲವೂ ತೆರೆದವು. ಸಮಾಧಾನದಿಂದ ಬೀದರಿನ ಬಸ್ಸು ಹತ್ತಿದೆ.

ಶುಕ್ರವಾರ ಮುಂಜಾನೆ ನಾನು ಕೋಣೆಯ ಬಾಗಿಲು ತೆಗೆಯುವ ಮೊದಲೇ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ಮೂವತ್ತೈದರ ಆಸುಪಾಸು. ಸಿಮೆಂಟಿನ ಕಲೆಯಿದ್ದ ಸೀರೆ, ಕಂಕುಳಲ್ಲಿ ಗಂಟು.

"ಪ್ರಜ್ಞಾ ಅನ್ನಾಕಿ ಯಾರ್ರಿ ಇಲ್ಲಿ?"

"ನಾನೇ ಅಕ್ಕಾ."

"ಡಾಬಕಾ ಯಾಕ ತೆಗದಿ?"

ಅವಳು ಡಾಬಕಾದ ಲಕ್ಷ್ಮೀಬಾಯಿ. ಗಂಡ ಗೋವಿಂದ ಮತ್ತು ಇಬ್ಬರು ಮಕ್ಕಳೊಂದಿಗೆ ಪುಣೆಯಲ್ಲಿ ಕಟ್ಟಡವೊಂದರ ಕೆಲಸಕ್ಕಿದ್ದಳು. ಏಳನೆಯ ಇಯತ್ತೆಯವರೆಗೆ ಓದಿದವಳು. ಬುಧವಾರ, ಸೈಟಿನ ಕಾವಲುಗಾರನ ಫೋನಿನಲ್ಲಿ ಎಂದಿನಂತೆ ಊರಿನ ಲಿಂಕ್ ಒತ್ತಿದ್ದಾಳೆ. ನನ್ನ ಎರಡು ನಿಮಿಷದ ವಾಕ್ಯಗಳು ಎದ್ದು ಬಂದಿವೆ. ಹಿಂದಿನ ವರ್ಷ ಅವಳ ನಾದಿನಿ ಊರಿನಲ್ಲಿ ಇಲ್ಲದಾಗ ರೇಷನ್ ಕಾರ್ಡಿನಿಂದ ಹೆಸರು ಹೋಗಿತ್ತು. ಆಗ ಅಂಗಡಿಯ ಗೋಡೆಗೆ ಹಚ್ಚಿದ ಹಾಳೆಯ ಮೇಲೂ ತೆಗೆದುಹಾಕಲಾಗಿದೆ ಎಂದೇ ಇತ್ತಂತೆ. ಅದನ್ನು ತಿರುಗಿ ಸೇರಿಸಲು ವರ್ಷ ಹಿಡಿಯಿತು. ಫೋನಿನ ಮಾತಿಗೆ ನಂಬಿಕೆಯಿಲ್ಲದೆ ಗುರುವಾರ ಸಂಜೆಯ ರೈಲು ಹಿಡಿದು ಬಂದಿದ್ದಳು.

"ಉದಗೀರದಾಗ ಇಳದಿದ್ರ ನಮ್ಮೂರು ಹತ್ರ ಆಗ್ತಿತ್ತು. ಆದ್ರ ಜಗಳ ಇಲ್ಲಿತ್ತಲ್ಲ, ಅದಕ್ಕ ಮುಂದ ಬಂದೆ."

ನಾನು ನನ್ನ ಅಭ್ಯಾಸದಂತೆ ಮಾತು ಹಿಡಿದೆ. "ಅಕ್ಕಾ, ಪುಟ ತೆಗದದ ಅಂತ ಬರದದ. ಊರು ತೆಗದದ ಅಂತ ಅಲ್ಲ."

"ನಾ ಪುಟ ಒತ್ತಿಲ್ಲ ತಂಗಿ. ಡಾಬಕಾ ಒತ್ತೀನಿ."

ಲ್ಯಾಪ್‌ಟಾಪ್ ತೆರೆದು ಮುಖಪುಟದಿಂದ ಡಾಬಕಾ ಒತ್ತಿ ತೋರಿಸಿದೆ. ಊರು ಇತ್ತು. ಮಾರುತಿ ಗುಡಿಯ ಫೋಟೋ ಸಮೇತ ಇತ್ತು. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಈಗ ಅದ. ಬುಧವಾರ ಇದ್ದಿಲ್ಲ. ನಾ ಸುಳ್ಳಾಡ್ಲಾಕ ಅಷ್ಟು ದೂರಿಂದ ಬರ್ತೇನಾ?"

ನನ್ನ ಪರದೆಯಲ್ಲಿ ಡಾಬಕಾ ಇದೆ, ಅವಳ ಮಾತಿನಲ್ಲಿ ಇಲ್ಲ. ಎರಡೂ ನಿಜವಾಗಿರುವುದು ಹೇಗೆ? ಅಷ್ಟರಲ್ಲಿ ಸರ್ ಬಂದರು. ವಿಷಯ ಕೇಳಿ, ಕುಡಿಯಲೆಂದು ಇಟ್ಟಿದ್ದ ಕೊಡದಿಂದ ಅರ್ಧ ನೀರನ್ನು ಕೂಲರಿಗೆ ಸುರಿದರು. ರೈಲಿನಲ್ಲಿ ಕೂತು ಬಂದವಳಿಗೆ ಅವರ ಕೈಲಾದ ಉಪಚಾರ ಅದು. ಆಮೇಲೆ ತಮ್ಮ ಫೋನಿನಲ್ಲಿದ್ದ ಹಳೆಯ ಮೆಸೇಜು ಹುಡುಕಿ ಅದರಲ್ಲಿದ್ದ ಲಿಂಕನ್ನು ಒತ್ತಿದರು. ಕ್ಷಮಿಸಿ, ಇಲ್ಲಿ ಇಲ್ಲ, ತೆಗೆದುಹಾಕಲಾಗಿದೆ.

ಆಗ ಅರ್ಥವಾಯಿತು. ಊರು ಬಿಟ್ಟವರು ಯಾರೂ ಮುಖಪುಟದಿಂದ ಬರುತ್ತಲೇ ಇರಲಿಲ್ಲ. ಹಳೆಯ ಲಿಂಕಿನಿಂದ ಸೀದಾ ತಮ್ಮ ಊರಿಗೆ ಬರುತ್ತಿದ್ದರು. ನಾನು ವಿಳಾಸ ಬದಲಿಸಿದ ಕ್ಷಣದಿಂದ ಎಲ್ಲ ಹಳೆಯ ಲಿಂಕುಗಳೂ ದೋಷಪುಟಕ್ಕೆ ಬಂದು ಬೀಳುತ್ತಿದ್ದವು. ಹನ್ನೊಂದು ದಿನ ಜಗಳಾಡಿ ಮಾಡಿದ ಪುಟವನ್ನು ಯಾರೂ ನೋಡುತ್ತಿರಲಿಲ್ಲ. ಯಾರೂ ಓದುವುದಿಲ್ಲ ಎಂದುಕೊಂಡ ಪುಟವನ್ನು ಮೂರು ದಿನದಿಂದ ಎಲ್ಲರೂ ಓದುತ್ತಿದ್ದರು.

ಹತ್ತು ನಿಮಿಷದಲ್ಲಿ ಹಳೆಯ ವಿಳಾಸಗಳನ್ನು ತಿರುಗಿ ಹಾಕಿದೆ. ಸರ್ ಫೋನಿನಲ್ಲಿ ಡಾಬಕಾ ತೆರೆಯಿತು. ಇಷ್ಟು ಚುರುಕಾಗಿ ಸರಿಮಾಡಿದೆನಲ್ಲ ಎಂದು, ನಾಚಿಕೆಯ ನಡುವೆಯೂ, ಸಣ್ಣದೊಂದು ಜಂಬ ಬಂದದ್ದು ಸುಳ್ಳಲ್ಲ.

"ಫೋನಿನಾಗ ತೆರದ್ರ ಆಯ್ತಾ? ರೇಷನ್ ಪಟ್ಟಿಯಾಗ ನಮ್ಮ ನಾಲ್ಕು ಹೆಸರ ನಾ ಕಣ್ಣಿಲೆ ನೋಡ್ಬೇಕು," ಅಂದಳು ಲಕ್ಷ್ಮೀಬಾಯಿ.

"ಆಕಿ ಕೂಡ ನೀನೂ ಹೋಗು," ಅಂದರು ಸರ್ ನನಗೆ.

ಔರಾದದವರೆಗೆ ಒಂದು ಬಸ್ಸು, ಅಲ್ಲಿಂದ ಡಾಬಕಾಕ್ಕೆ ಇನ್ನೊಂದು. ಕಿಟಕಿಯಾಚೆ ಬಿತ್ತದೆ ಬಿಟ್ಟ ಎರೆಹೊಲಗಳು ಕೈ ಹಿಡಿಸುವಷ್ಟು ಅಗಲ ಬಿರಿದಿದ್ದವು. ದಾರಿಯುದ್ದಕ್ಕೂ ಅವಳು ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಗಿತ್ತು. ತಾವು ಸಾಕಿದ ಕುರಿಗಳನ್ನು ಭಾವನಿಗೆ ಒಪ್ಪಿಸಿ ಹೋದದ್ದು, ಅವನು ಅವುಗಳನ್ನು ತೆಲಂಗಾಣದ ಕಡೆ ಹೊಡೆದುಕೊಂಡು ಹೋಗಿರುವುದು, ಇದನ್ನೆಲ್ಲ ಬೇರೆ ಯಾರದೋ ಸಂಗತಿಯೆಂಬಂತೆ ಹೇಳಿದಳು.

ಡಾಬಕಾದಲ್ಲಿ ಅವಳ ಓಣಿಯ ಬಾಗಿಲುಗಳಲ್ಲಿ ಅರ್ಧಕ್ಕರ್ಧ ಕೀಲಿ ಹಾಕಿದ್ದವು. ಪ್ರತಿ ಬಾಗಿಲ ಮೇಲೂ ಸುಣ್ಣದ ಕಡ್ಡಿಯಿಂದ ಏನೋ ಬರೆದಿತ್ತು. ನಿಂತು ಓದಿದೆ. "ಪುಣೆಗಿ ಹೋಗೇವಿ. ಯುಗಾದಿ ಆದಮ್ಯಾಲ ಬರ್ತೇವಿ. ಏನರೆ ಇದ್ರ ಗುಡಿ ಹಿಂದಿನ ಕಾಶಮ್ಮಗ ಹೇಳ್ರಿ." ಮುಂದಿನದು ಹೈದರಾಬಾದ್. ಅದರ ಮುಂದಿನದು ಮತ್ತೆ ಪುಣೆ. ಎಲ್ಲದರಲ್ಲೂ ಎಲ್ಲಿಗೆ, ಎಂದಿನವರೆಗೆ, ಯಾರನ್ನು ಕೇಳಬೇಕು.

"ಇದೇನ್ ಅಕ್ಕಾ, ಎಲ್ಲರೂ ಬರೀತೀರಾ?"

"ಬರೀಲಿಲ್ಲಂದ್ರ ಬಂದವರು ಏನ್ ತಿಳ್ಕೊಬೇಕು? ಸತ್ತಾರ ಅಂತನೋ, ಓಡಿ ಹೋಗ್ಯಾರ ಅಂತನೋ?"

ಅಲ್ಲಿಂದ ಸೀದಾ ರೇಷನ್ ಅಂಗಡಿಗೆ ನಡೆದೆವು.

ರೇಷನ್ ಅಂಗಡಿಯವರು ನಮ್ಮ ಮುಖ ನೋಡಿ ಕೇಳುವ ಮೊದಲೇ ಪಟ್ಟಿ ತೆಗೆದರು. ಲಕ್ಷ್ಮೀಬಾಯಿ ಬೆರಳಿಟ್ಟು ನೋಡಿದಳು. ಗೋವಿಂದ, ತಾನು, ಮಗಳು, ಮಗ. ನಾಲ್ಕೂ ಇದ್ದವು. ಹೆಬ್ಬೆಟ್ಟು ಕೊಡಲು ಇನ್ನೂ ಎರಡು ತಿಂಗಳಿತ್ತು. ಅವಳು ನಾಲ್ಕು ಹೆಸರುಗಳನ್ನೂ ಇನ್ನೊಮ್ಮೆ ಓದಿ ಅಲ್ಲೇ ಕಟ್ಟೆಯ ಮೇಲೆ ಕೂತಳು.

"ಛಲೋ ಆಯ್ತಲ್ಲ ಅಕ್ಕಾ," ಅಂದೆ.

"ಏನ್ ಛಲೋ. ಜೋಡಿ ಮುರದು ಬಂದೇನಿ."

ಆಗ ಹೇಳಿದಳು. ಸೈಟಿನಲ್ಲಿ ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ, ಕೆಲಸ ಕೊಡುವುದು ಗಂಡ ಹೆಂಡತಿಯ ಜೋಡಿಗೆ. ಒಬ್ಬರು ಹೋದರೆ ಇನ್ನೊಬ್ಬರಿಗೂ ಜಾಗವಿಲ್ಲ. ತಗಡಿನ ಖೋಲಿಯೂ ಜೋಡಿಗೇ. ಸೋಮವಾರದೊಳಗೆ ಅವಳು ತಿರುಗಿ ನಿಲ್ಲದಿದ್ದರೆ ಗೋವಿಂದನೂ ಮಕ್ಕಳೂ ಖೋಲಿ ಬಿಡಬೇಕು. ಊರಿನಲ್ಲಿ ಮಳೆಗಾಲದವರೆಗೆ ಮಾಡಲು ಏನೂ ಇಲ್ಲ.

"ನಂಬರ್ ಕೊಡ್ರಿ, ನಾ ಮಾತಾಡ್ತೇನಿ," ಎಂದು ನಾನೇ ಮುಕಾದಮನಿಗೆ ಫೋನ್ ಹಚ್ಚಿದೆ. ತುಕಾರಾಮ ಎಂದು ಅವನ ಹೆಸರು, ಔರಾದ ಕಡೆಯವನೇ. ನಡೆದದ್ದೆಲ್ಲವನ್ನೂ ಹೇಳಿದೆ. ನನ್ನ ಇಡೀ ಚರ್ಚಾಜೀವನದಲ್ಲಿ ಅಷ್ಟು ಸರಿಯಾಗಿ ಯಾವ ವಾದವನ್ನೂ ಮಂಡಿಸಿರಲಿಲ್ಲ.

ಅವನು ಪೂರ್ತಿ ಕೇಳಿದ. "ಮೇಡಂ, ಹೋದ ವಾರ ಇಬ್ಬರು ಹಿಂಗೇ ಊರಿಗಿ ಹೋಗ್ತೇವಿ ಅಂತ ಹೇಳಿ ಬ್ಯಾರೆ ಮುಕಾದಮನ ಕಡಿ ಕೆಲಸಕ್ಕ ಹತ್ಯಾರ. ಅವರ ಪರವಾಗಿನೂ ಯಾರೋ ಒಬ್ಬಾಕಿ ಫೋನ್ ಮಾಡಿದ್ಳು. ನೀವ್ಯಾರೋ ನನಗೇನು ಮಾಲೂಮ್?"

"ಖರೇನೇ ಪುಟ ಹೋಗಿತ್ತು ರೀ."

"ಲಿಂಕ್ ನನ್ನ ಕಡಿನೂ ಅದ. ಮಧ್ಯಾಹ್ನ ಗೋವಿಂದ ಹೇಳಿದಕೂಡ್ಲೆ ತೆರದು ನೋಡೇನಿ. ಡಾಬಕಾ ಪೂರಾ ಅದ. ಮಾರುತಿ ಗುಡಿ ಸೈತ ಅದ. ಎಲ್ಲಿ ತೆಗದೀರಿ?"

ನಾನು ಹತ್ತು ನಿಮಿಷದಲ್ಲಿ ಅಳಿಸಿದ್ದು ಅವಳ ಏಕೈಕ ಸಾಕ್ಷಿಯನ್ನು. ಮುಕಾದಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಕಣ್ಣೆದುರು ಊರು ಇದೆ, ಇರಲಿಲ್ಲ ಎನ್ನುವವಳೊಬ್ಬಳಿದ್ದಾಳೆ. ನಾನೇ ಆ ದಿನ ಮುಂಜಾನೆ ಅವಳನ್ನು ಹಾಗೆ ನೋಡಿರಲಿಲ್ಲವೇ?

ಆ ರಾತ್ರಿ ಔರಾದದಲ್ಲಿ ಅವಳ ಅಕ್ಕನ ಮನೆಯಲ್ಲಿ ಉಳಿದೆವು. ಮುಂಜಾನೆ ಭಾಲ್ಕಿಯ ಬಸ್ಸಿನಲ್ಲಿ ನನ್ನ ತಲೆ ಗಿರ್ರೆನ್ನುತ್ತಿತ್ತು. ಹಳೆಯ ತಪ್ಪನ್ನು ತಿರುಗಿ ಹಾಕಿಬಿಡಲೇ? ಆಗ ಮುಕಾದಮ ನಂಬುತ್ತಾನೆ. ಆದರೆ ಅದು ಪುರಾವೆಯೋ, ನಾನೇ ಕೈಯಾರೆ ತಯಾರಿಸಿದ ನಾಟಕವೋ? ನಿಜವಾಗಿ ನಡೆದದ್ದನ್ನು ತೋರಿಸಲು ಸುಳ್ಳು ಪುಟ ಹಾಕಿದರೆ ಅದು ಸುಳ್ಳೋ ನಿಜವೋ? ಅದನ್ನು ನೋಡಿ ಇನ್ನೊಬ್ಬಳು ಹೈದರಾಬಾದಿನಿಂದ ಗಂಟು ಕಟ್ಟಿಕೊಂಡು ಬಂದರೆ? ಪರವಾಗಿಯೂ ನಾನೇ ಮಾತಾಡುತ್ತಿದ್ದೆ, ವಿರುದ್ಧವಾಗಿಯೂ ನಾನೇ. ಎರಡೂ ಕಡೆ ಸೋಲುತ್ತಿದ್ದೆ. ಕೊನೆಗೆ ಇದನ್ನೆಲ್ಲ ಲಕ್ಷ್ಮೀಬಾಯಿಗೆ ಬಿಡಿಸಿ ಹೇಳಿದೆ.

ಅವಳು ಬಸ್ಸಿನ ಕಂಬಿಗೆ ತಲೆ ಆನಿಸಿಯೇ ಕೇಳಿದಳು. "ನಿಂದು ತಪ್ಪಿತ್ತೋ ಇಲ್ಲೋ?"

"ಇತ್ತು."

"ಹಂಗಾದ್ರ ಇತ್ತು ಅಂತ ಬರಿ. ಅದಕ್ಕ ಇಷ್ಟು ಲಂಬಾ ಮಾತ್ಯಾಕ?"

ಶನಿವಾರ ಮಧ್ಯಾಹ್ನ ಕೋಣೆಯಲ್ಲಿ ಕೂತು ಬರೆದೆ. ಮೂರು ಸಲ ಬರೆದೆ. ಮೊದಲನೆಯದರಲ್ಲಿ ತಾಂತ್ರಿಕ ಕಾರಣಗಳಿಂದ ಎಂಬ ಮಾತಿತ್ತು, ಅಳಿಸಿದೆ. ಎರಡನೆಯದರಲ್ಲಿ ನನ್ನ ಹೆಸರಿರಲಿಲ್ಲ, ಅದೂ ಹೋಯಿತು. ಕೊನೆಗೆ ಉಳಿದದ್ದು ಇದು: "ಮಂಗಳವಾರದಿಂದ ಶುಕ್ರವಾರದವರೆಗೆ ನಿಮ್ಮ ಊರಿನ ಲಿಂಕ್ ಒತ್ತಿದರೆ, ತೆಗೆದುಹಾಕಲಾಗಿದೆ ಎಂದು ಕಾಣುತ್ತಿತ್ತು. ಅದು ತಪ್ಪು. ವಿಳಾಸ ಬದಲಿಸಿದವಳು ನಾನು, ಆ ಮಾತು ಬರೆದವಳೂ ನಾನು, ಕಮಠಾಣದ ಪ್ರಜ್ಞಾ. ಯಾವ ಊರೂ ಹೋಗಿಲ್ಲ. ಯಾರ ಹೆಸರನ್ನೂ ನಾವು ತೆಗೆದಿಲ್ಲ. ಡಾಬಕಾದ ಲಕ್ಷ್ಮೀಬಾಯಿ ಅದನ್ನು ಓದಿ ಪುಣೆಯಿಂದ ಬಂದರು. ಅವರು ಹೇಳಿದ್ದು ನಿಜ." ಅದರ ಕೆಳಗೆ, ಯಾವ ಊರಿನಲ್ಲಿ ಯಾರನ್ನು ಕೇಳಬೇಕು ಎಂದು ಸರ್ ಅವರ ನೋಟ್‌ಬುಕ್ಕಿನಿಂದ ಹೆಸರುಗಳು. ಡಾಬಕಾಕ್ಕೆ ಗುಡಿ ಹಿಂದಿನ ಕಾಶಮ್ಮ.

ಆಮೇಲೆ ಸೆಟ್ಟಿಂಗಿಗೆ ಹೋದೆ. ದೋಷಪುಟದ ಖಾನೆಯಲ್ಲಿ ಇದನ್ನು ಆರಿಸಿದೆ. ಮುಖಪುಟದ ಖಾನೆಗೆ ಬಂದಾಗ ಬೆರಳು ನಿಂತಿತು. ಹಿಂದಿನಿಂದ ಸರ್ ನೋಡುತ್ತಿದ್ದರು.

"ಮುಖಪುಟದಾಗೂ ಇದನ್ನೇ ಹಾಕ್ತಿಯೇನು? ಸಂಘದ ಮಾನ ಏನಾಗ್ಬೇಕವಾ?"

"ಮೂಲಿಯಾಗಿಟ್ರ ಮುಕಾದಮ ನಂಬಲ್ಲ ಸರ್."

ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. "ಬರದಾಕಿ ನೀನು. ಯಾರು ಓದ್ತಾರ ಅಂದವ ನಾನು. ನನ್ನ ಹೆಸರೂ ಹಾಕು," ಅಂದರು. ಹಾಕಿದೆ. ಬೀದರ್ ಕೋಟೆ ಹೋಯಿತು, ಊರುಗಳ ಪಟ್ಟಿ ಹೋಯಿತು, ಇದು ಬಂದು ಕೂತಿತು. ಸರ್ ಅದರ ಲಿಂಕನ್ನು ಊರು ಬಿಟ್ಟವರ ಫೋನಿಗೆಲ್ಲ ಕಳಿಸಿದರು.

ತುಕಾರಾಮನಿಗೆ ಫೋನ್ ಮಾಡಿ ಸೈಟ್ ತೆರೆಯಲು ಹೇಳಿದೆ. ಅವನು ಗುಣುಗುಣು ಓದುವುದು ನನಗೆ ಕೇಳುತ್ತಿತ್ತು. ಲಕ್ಷ್ಮೀಬಾಯಿ ನನ್ನ ಪಕ್ಕದಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಎಲ್ಲಾ ಊರಿನವರಿಗಿ ಇದೇ ಕಾಣ್ತದೇನ್ರಿ ಮೇಡಂ?"

"ಎಲ್ಲರಿಗಿ ಕಾಣ್ತದ್ರಿ."

"ನಿಮ್ಮ ಮರ್ಯಾದಿ ಹೋಗಲ್ಲೇನ್ರಿ?"

"ಹೋಗ್ತದ್ರಿ."

ಅವನು ಇನ್ನೊಮ್ಮೆ ಗುಣುಗುಣು ಓದಿದ. "ಹಂಗಿದ್ರ ಖರೇ ಇರ್ಬೇಕು. ಸೋಮವಾರ ಒಂಬತ್ತಕ್ಕ ಬರೋಬರ್ ಕೆಲಸದ ಮ್ಯಾಲ ಇರ್ಬೇಕು ಅಂತ ಹೇಳ್ರಿ ಆಕಿಗಿ."

ಭಾನುವಾರ ಇಡೀ ದಿನ ಸರ್ ಫೋನ್ ಬಡಿದುಕೊಳ್ಳುತ್ತಲೇ ಇತ್ತು. "ಮೆಹಕರ ಅದರಿ?" ಎಂದು ಒಬ್ಬ ಕೇಳಿದ. ಅದ, ಅಂದೆವು. "ಹಂಗಾದ್ರ ಆಯ್ತು," ಎಂದು ಇಟ್ಟುಬಿಟ್ಟ. ಹಾಗೆ ಎಷ್ಟು ಜನ ಆ ಮೂರು ದಿನ ಯಾರನ್ನು ಕೇಳಬೇಕೆಂದು ತಿಳಿಯದೆ ಕೂತಿದ್ದರೋ. ಹೊರಟೇಬಿಟ್ಟವರು ಇನ್ನೂ ಇದ್ದರೋ ಏನೋ. ಅದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಭಾಲ್ಕಿ ಸ್ಟೇಷನ್ನಿಗೆ ಲಕ್ಷ್ಮೀಬಾಯಿಯನ್ನು ಬಿಡಲು ಹೋದೆ. ಕ್ಷಮಿಸಿ ಎಂಬ ಮಾತನ್ನು ಪುಟದಲ್ಲಿ ಎರಡು ನಿಮಿಷಕ್ಕೆ ಬರೆದವಳಿಗೆ ಬಾಯಲ್ಲಿ ಹೇಳಲು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಯವರೆಗೂ ಆಗಲಿಲ್ಲ. ರೈಲು ಬಂತು. ಅವಳು ಗಂಟನ್ನು ಒಳಗೆ ತಳ್ಳಿ, ಹತ್ತಿ, ಬಾಗಿಲಲ್ಲಿ ತಿರುಗಿ ನಿಂತಳು.

"ಆ ಪುಟ ತೆಗಿತೀಯೇನು ಇನ್ನ?"

"ತೆಗಿಬೇಕಲ್ಲ ಅಕ್ಕಾ. ಊರುಗಳ ಹೆಸರು ತಿರುಗಿ ಹಾಕ್ಬೇಕು."

"ನಾ ಮುಟ್ಟೋತನಕ ಇರ್ಲಿ."

ಸೋಮವಾರ ಎಂಟೂವರೆಯಿಂದಲೇ ಸೆಟ್ಟಿಂಗ್ ತೆರೆದಿಟ್ಟುಕೊಂಡು ಕೂತೆ. ಒಂಬತ್ತಾಯಿತು, ಹತ್ತಾಯಿತು. ಸರ್ ಎರಡು ಸಲ ಬಂದು ಪರದೆ ನೋಡಿ ಹೋದರು. ಹತ್ತೂಮುಕ್ಕಾಲಿಗೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು, ಅದರ ಮೇಲೆ ದನಿ ಎತ್ತಿ ಅವಳು ಮಾತಾಡಿದಳು.

"ಕೆಲಸಕ್ಕ ಹತ್ತೇನಿ. ಈಗ ತೆಗಿ."